ಒಂದೇ ಹಾಡಿನಲ್ಲಿ ಗ್ರೌಲ್ ಮತ್ತು ಕ್ಲೀನ್: ಮಲೆನಾಡಿನ ಹಂಚಿನ ಮನೆಯಲ್ಲಿ ಡೂಮ್ ಆಲ್ಬಮ್ ರೆಕಾರ್ಡ್ ಮಾಡುವುದು ಹೇಗೆ

ಕಳೆದ ಮಳೆಗಾಲದಲ್ಲಿ ನಾವು ಮೂವರು ಸೇರಿ ತೀರ್ಥಹಳ್ಳಿ ಹತ್ತಿರದ ಒಂದು ಹಂಚಿನ ಮನೆಯಲ್ಲಿ ಐದು ಹಾಡಿನ ಡೂಮ್ ಮೆಟಲ್ (ನಿಧಾನದ, ಭಾರವಾದ ಮೆಟಲ್ ಸಂಗೀತ) ಆಲ್ಬಮ್ ರೆಕಾರ್ಡ್ ಮಾಡಿದೆವು. ಗ್ರೌಲ್, ಅಂದರೆ ಗಂಟಲಿನ ಗೊರಗೊರ ಅಬ್ಬರದ ದನಿ, ನನ್ನದು. ಗಿಟಾರ್ ಗೆಳೆಯನದು. ಕ್ಲೀನ್, ಅಂದರೆ ಮಾಮೂಲಿ ಹಾಡಿನ ದನಿ, ಹಾಡಿದ್ದು ಅವನ ತಂಗಿ. ಅವಳು ಚಿಕ್ಕಂದಿನಿಂದ ಗಮಕ ಕಲಿತವಳು. ಆಮೇಲೆ ಶಿವಮೊಗ್ಗ, ಸಾಗರ, ಕೊಪ್ಪದ ಕಡೆಯ ಹುಡುಗರು "ಹೇಗೆ ಮಾಡಿದ್ರಿ, ಏನೇನು ಬೇಕು" ಅಂತ ಕೇಳುತ್ತಲೇ ಇದ್ದಾರೆ. ಅವರಿಗೆಲ್ಲ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ. ಗಿಟಾರ್, ಡ್ರಮ್ಸ್ ಬಗ್ಗೆ ಕಡಿಮೆ ಇದೆ, ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಎರಡು ದನಿಯನ್ನು ಒಂದೇ ಹಾಡಿನೊಳಗೆ ಕೂರಿಸುವುದರ ಬಗ್ಗೆ ಜಾಸ್ತಿ ಇದೆ.

ಮೊದಲು ಹಾಳೆ, ಆಮೇಲೆ ಗಿಟಾರ್

ಹಾಡಿನ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಸಾಲಿನ ಪಕ್ಕ, ಇದನ್ನು ಹೇಳುತ್ತಿರುವುದು ಯಾರು ಅಂತ ಬರೆಯಿರಿ. ಇದೊಂದು ಕೆಲಸ ಮಾಡದೆ ಮುಂದೆ ಹೋಗಬೇಡಿ. ಬಹಳಷ್ಟು ಜನ ಚರಣಕ್ಕೆ ಗ್ರೌಲ್, ಪಲ್ಲವಿಗೆ ಕ್ಲೀನ್ ಅಂತ ಸುಮ್ನೆ ಹಂಚಿಬಿಡುತ್ತಾರೆ. ಹಾಗೆ ಮಾಡಿದರೆ ಎರಡನೇ ಹಾಡಿಗೇ ಕೇಳುವವರಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಮುಂದೆ ಯಾವ ದನಿ ಬರುತ್ತದೆ ಅನ್ನುವ ಕುತೂಹಲವೇ ಉಳಿಯುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿದ್ದೀರಲ್ವಾ? ರಾಕ್ಷಸ ವೇಷ ಅಬ್ಬರಿಸುತ್ತದೆ. ಆ ಅಬ್ಬರದಲ್ಲಿ ಮಾತಿಲ್ಲ, ಬರೀ ಉಸಿರು ಮತ್ತು ಗಂಟಲು. ಅಲ್ಲೇ ಹಿಂದೆ ಕೂತ ಭಾಗವತರು ಶ್ರುತಿ ಬಿಡದೆ ಪದ್ಯ ಹೇಳುತ್ತಿರುತ್ತಾರೆ. ಯಾರೂ "ಇದ್ಯಾಕೆ ಎರಡು ಥರ ದನಿ" ಅಂತ ಕೇಳುವುದಿಲ್ಲ. ಒಬ್ಬರು ಕಥೆ ಹೇಳುತ್ತಿದ್ದಾರೆ, ಇನ್ನೊಬ್ಬರು ಆ ಕಥೆಯೊಳಗೆ ಇದ್ದಾರೆ ಅಂತ ರಾತ್ರಿಯಿಡೀ ಕೂತು ನೋಡುವ ಮಕ್ಕಳಿಗೂ ಗೊತ್ತು. ನಿಮ್ಮ ಹಾಡಿನಲ್ಲೂ ಅಷ್ಟೇ ಸ್ಪಷ್ಟವಾಗಿ ಗೊತ್ತಾಗಬೇಕು.

ನಮ್ಮ ಮೊದಲ ಹಾಡು ಶರಾವತಿ ಹಿನ್ನೀರಿನದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಮೇಲೆ ಕಾಣಿಸುತ್ತದೆ. ಹಾಡಿನಲ್ಲಿ ಗ್ರೌಲ್ ಅಂದರೆ ನೀರು. ಕ್ಲೀನ್ ಅಂದರೆ ಮನೆ ಬಿಟ್ಟು ಹೊರಟ ಹೆಂಗಸು. ಕೊನೆಯ ಒಂದು ಸಾಲನ್ನು ಮಾತ್ರ ಇಬ್ಬರೂ ಒಟ್ಟಿಗೆ ಹೇಳುತ್ತಾರೆ. ಇಷ್ಟು ಹಾಳೆಯ ಮೇಲೆ ಬರೆದ ಮೇಲೆ ಶ್ರುತಿ, ಮೈಕು, ಮಿಕ್ಸಿಂಗ್ ಎಲ್ಲದರಲ್ಲೂ ಏನು ಮಾಡಬೇಕು ಅನ್ನುವುದು ಅದರಿಂದಲೇ ಹೊರಟಿತು.

ಯಾರು ಯಾವ ದನಿ ಹಾಡಬೇಕು ಅನ್ನುವುದಕ್ಕೆ ಹಳೆಯ ಆಲ್ಬಮ್‌ಗಳಲ್ಲಿ ಮೂರು ದಾರಿ ಸಿಗುತ್ತದೆ. ಡೂಮ್‌ನ ಬೇರು 1970ರ ಬ್ಲ್ಯಾಕ್ ಸಬ್ಬಾತ್‌ ತಂಡದಲ್ಲಿದೆ, ಆದರೆ ಅಲ್ಲಿ ಗ್ರೌಲ್ ಇಲ್ಲ. 1990ರ ಆಸುಪಾಸಿನಲ್ಲಿ ಉತ್ತರ ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್, ಮೈ ಡೈಯಿಂಗ್ ಬ್ರೈಡ್, ಅನಾಥಿಮಾ ತಂಡಗಳು ಡೆತ್ ಮೆಟಲ್‌ನ ಗಂಟಲನ್ನು ಈ ನಿಧಾನದ ಸಂಗೀತಕ್ಕೆ ತಂದವು. ಪ್ಯಾರಡೈಸ್ ಲಾಸ್ಟ್ 1991ರಲ್ಲಿ 'ಗಾಥಿಕ್' ಆಲ್ಬಮ್‌ನಲ್ಲಿ ಗ್ರೌಲ್ ಜೊತೆ ಹೆಣ್ಣು ದನಿ ಇಟ್ಟಿತು. ಇದು ಮೊದಲ ದಾರಿ. ಸ್ವೀಡನ್ನಿನ ಡ್ರಕೋನಿಯನ್ ತಂಡ ಇದನ್ನೇ ಮುಂದುವರಿಸಿದೆ. ಮೈ ಡೈಯಿಂಗ್ ಬ್ರೈಡ್‌ನ 1993ರ 'ಟರ್ನ್ ಲೂಸ್ ದ ಸ್ವಾನ್ಸ್'ನಲ್ಲಿ ಒಬ್ಬರೇ ಎರಡೂ ಹಾಡಿದ್ದಾರೆ. ಇದು ಎರಡನೆಯದು. ಇನ್ನು ಕಟಟೋನಿಯಾ ತಂಡದ ಗಾಯಕನಿಗೆ ಗ್ರೌಲ್ ಮಾಡಲು ಗಂಟಲು ಸಹಕರಿಸದೇ ಹೋದಾಗ, 1996ರ 'ಬ್ರೇವ್ ಮರ್ಡರ್ ಡೇ'ಗೆ ಓಪೆತ್ ತಂಡದ ಮಿಕಾಯೆಲ್ ಓಕರ್‌ಫೆಲ್ಟ್ ಬಂದು ಗ್ರೌಲ್ ಮಾಡಿಕೊಟ್ಟರು. ಇದು ಮೂರನೆಯದು. ನಿಮ್ಮಿಂದ ಗ್ರೌಲ್ ಆಗದಿದ್ದರೆ ಆಗುವವರನ್ನು ಕರೆಯಿರಿ, ಅದರಲ್ಲಿ ಸಣ್ಣತನ ಏನೂ ಇಲ್ಲ. ಬೆಂಗಳೂರಿನಲ್ಲಿ ಡೈಯಿಂಗ್ ಎಂಬ್ರೇಸ್ ಅನ್ನುವ ತಂಡ ತೊಂಬತ್ತರ ದಶಕದಲ್ಲೇ ಡೂಮ್ ಬೆರೆತ ಡೆತ್ ಮೆಟಲ್ ನುಡಿಸಿತ್ತು. ಅವರನ್ನೂ ಕೇಳಿ.

ನಿಧಾನದ ಲೆಕ್ಕ ಮತ್ತು ಶ್ರುತಿ

ಡೂಮ್ ಸಾಮಾನ್ಯವಾಗಿ 50ರಿಂದ 70 ಬಿಪಿಎಂ (ನಿಮಿಷಕ್ಕೆ ಅಷ್ಟು ಬಡಿತ) ಒಳಗೆ ನಡೆಯುತ್ತದೆ. 60ರಲ್ಲಿ ಒಂದು ಬಡಿತಕ್ಕೆ ಒಂದು ಸೆಕೆಂಡು, ನಾಲ್ಕು ಬಡಿತದ ಒಂದು ಬಾರ್‌ಗೆ 4 ಸೆಕೆಂಡು. ಎಂಟು ಬಾರ್‌ನ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ಸಾಲು) ಒಂದನ್ನು ನಾಲ್ಕು ಸಲ ನುಡಿಸಿದರೆ 2 ನಿಮಿಷ 8 ಸೆಕೆಂಡು ಹೋಯಿತು. ಹಾಗಾಗಿ ಒಂಬತ್ತು ನಿಮಿಷದ ಹಾಡಿಗೆ ಮೂರು ನಾಲ್ಕು ಒಳ್ಳೆಯ ರಿಫ್ ಸಾಕು. ಹತ್ತು ರಿಫ್ ತುಂಬಿಸಬೇಡಿ. ಇಡೀ ಆಲ್ಬಮ್ 40ರಿಂದ 50 ನಿಮಿಷ ಇದ್ದರೆ ಚೆನ್ನ.

ಗಿಟಾರ್ ಶ್ರುತಿ ಎಷ್ಟು ಇಳಿಸಬೇಕು ಅನ್ನುವುದನ್ನು ಕ್ಲೀನ್ ಹಾಡುವವರು ನಿರ್ಧರಿಸಲಿ. ಇಲ್ಲಿ ನಾವು ದೊಡ್ಡ ತಪ್ಪು ಮಾಡಿದೆವು. ಕೆಳಗೆ ಹೋದಷ್ಟೂ ಭಾರ ಅಂದುಕೊಂಡು ದಪ್ಪ ತಂತಿಯನ್ನು ಎ ತನಕ, ಅಂದರೆ 55 ಹರ್ಟ್ಜ್‌ಗೆ ಇಳಿಸಿ ಮೂರು ಹಾಡು ಕಟ್ಟಿದ್ದೆವು. ಹಾಡುವವಳು ಬಂದು ಕೂತಾಗ ಅವಳ ಕೆಳಗಿನ ಸ್ವರಗಳೆಲ್ಲ ಬರೀ ಗಾಳಿಯಾಗಿ ಹೋದವು. ಅವಳೇ ಹಾರ್ಮೋನಿಯಂ ಮುಂದೆ ಇಟ್ಟುಕೊಂಡು ಬಿಳಿ ಒಂದರಲ್ಲಿ ಹಾಡಿ ತೋರಿಸಿದಳು. ಬಿಳಿ ಒಂದು ಅಂದರೆ ಸಿ. ಗಿಟಾರನ್ನು ಸಿಗೆ, 65.4 ಹರ್ಟ್ಜ್‌ಗೆ ಏರಿಸಿ ಎಲ್ಲವನ್ನೂ ಮೊದಲಿನಿಂದ ನುಡಿಸಿದೆವು. ಭಾರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಗ್ರೌಲ್‌ಗೆ ಹಾಡಿನಂತೆ ಗೊತ್ತಾದ ಸ್ವರ ಇರುವುದಿಲ್ಲ, ಅದು ಯಾವ ಶ್ರುತಿಯ ಜೊತೆಗೂ ಹೊಂದಿಕೊಳ್ಳುತ್ತದೆ. ಕ್ಲೀನ್ ದನಿ ಹೊಂದಿಕೊಳ್ಳುವುದಿಲ್ಲ.

ಇಳಿಸಿದ ಶ್ರುತಿಗೆ ದಪ್ಪ ತಂತಿ ಬೇಕು. ಸಿಗೆ 12ರಿಂದ 60 ಗೇಜಿನ (ತಂತಿಯ ದಪ್ಪದ ಅಳತೆ) ಸೆಟ್ ಸರಿಹೋಗುತ್ತದೆ. ತೆಳು ತಂತಿ ಜೋರಾಗಿ ಮೀಟಿದಾಗ ಮೊದಲು ಶ್ರುತಿ ಏರಿ ಆಮೇಲೆ ಇಳಿಯುತ್ತದೆ. ವೇಗದ ಹಾಡಿನಲ್ಲಿ ಇದು ಗೊತ್ತಾಗುವುದಿಲ್ಲ, ನಾಲ್ಕು ಸೆಕೆಂಡು ಎಳೆಯುವ ಸ್ವರದಲ್ಲಿ ಮಾತ್ರ ಕಿವಿಗೆ ಚುಚ್ಚುತ್ತದೆ.

ಕನ್ನಡದ ಮಾತು

ಇಂಗ್ಲಿಷಿನಲ್ಲೇ ಬರೆಯಬೇಕು ಅಂತೇನಿಲ್ಲ. ಗ್ರೌಲ್‌ಗೆ ಕನ್ನಡ ಬಹಳ ಒಗ್ಗುತ್ತದೆ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಬಾಯಿ ತೆರೆಸುವ ಅ, ಆ, ಒ, ಓ ಸ್ವರಗಳಲ್ಲಿ ಗ್ರೌಲ್ ದಪ್ಪವಾಗಿ ಬರುತ್ತದೆ. ಇ, ಈ ಬಂದರೆ ತೆಳ್ಳಗಾಗುತ್ತದೆ. ಒತ್ತಕ್ಷರ ಇರುವ ಮಾತುಗಳು, ಅಂದರೆ ಕಲ್ಲು, ಮಣ್ಣು, ಕತ್ತಲು, ಹಳ್ಳ, ಇವು ಗಂಟಲಿಗೆ ಒಂದು ಮೆಟ್ಟಿಲು ಕೊಟ್ಟಂತೆ. ಅಲ್ಲಿ ನಿಂತು ಮುಂದಕ್ಕೆ ತಳ್ಳಬಹುದು.

ಇನ್ನೊಂದು ವಿಷಯ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿ ಒಮ್ಮೆ ಕುಮಾರವ್ಯಾಸನ ಭಾರತದ ವಾಚನ ಕೇಳಿ ಬಂದವನಿಗೆ ಭಾಮಿನಿ ಷಟ್ಪದಿಯ ನಡೆ ತಲೆಯಿಂದ ಹೋಗುವುದಿಲ್ಲ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಒಟ್ಟು ಏಳರ ನಡೆ. ಇದನ್ನು ಏಳು ಬಡಿತದ ರಿಫ್ ಮೇಲೆ ಇಟ್ಟು ನೋಡಿ. ನಮ್ಮ ಕ್ಲೀನ್ ಸಾಲು ಹೀಗಿದೆ:

ಮನೆಯ ಹೊಸಿಲನು ದಾಟಿ ಬಂದಿತು
ನೀರು ಮೆಲ್ಲನೆ ಒಲೆಯ ಬಳಿಗೂ

ಗ್ರೌಲ್ ಸಾಲು ಇದು:

ಕಲ್ಲು ಮುಳುಗಿತು ಮಣ್ಣು ಮುಳುಗಿತು

ಎಲ್ಲ ಸಾಲಿಗೂ ಹದಿನಾಲ್ಕು ಮಾತ್ರೆ. ಒಂದು ಮಾತ್ರೆಗೆ ಅರ್ಧ ಸೆಕೆಂಡು ಕೊಟ್ಟರೆ ಒಂದು ಸಾಲಿಗೆ 7 ಸೆಕೆಂಡು ಆಗುತ್ತದೆ, ಒಂದು ಉಸಿರಿಗೆ ಸರಿಯಾಗಿ ಕೂರುತ್ತದೆ. ಎರಡೂ ದನಿ ಒಂದೇ ಅಳತೆಯಲ್ಲಿ ಇರುವುದರಿಂದ ಬೇಕಾದಾಗ ಒಂದರ ಮೇಲೆ ಒಂದು ಇಡಬಹುದು.

ಗಂಟಲು

ಇಲ್ಲಿ ಅವಸರ ಮಾಡಬೇಡಿ. ನಾನು ಮಾಡಿದ್ದೆ. ಮೊದಲ ತಿಂಗಳು ಗ್ರೌಲ್ ಅಂದರೆ ಜೋರಾಗಿ ಕಿರುಚುವುದು ಅಂದುಕೊಂಡು ದಿನಾ ಒಂದು ಗಂಟೆ ಗಂಟಲು ಹರಿದುಕೊಂಡೆ. ಒಂದು ಬೆಳಿಗ್ಗೆ ದನಿಯೇ ಹೊರಡಲಿಲ್ಲ. ಕಿವಿ ಮೂಗು ಗಂಟಲಿನ ಡಾಕ್ಟರು ನೋಡಿ ಧ್ವನಿ ತಂತುಗಳು ಊದಿಕೊಂಡಿವೆ ಅಂದರು, ಹತ್ತು ದಿನ ಮಾತೇ ಆಡಬೇಡ ಅಂದರು. ಆ ಹತ್ತು ದಿನ ಅಂಗಡಿಗೆ ಹೋದರೆ ಚೀಟಿ ತೋರಿಸಿ ಸಾಮಾನು ತಂದಿದ್ದೇನೆ.

ಗಂಟಲೊಳಗೆ ಎರಡು ಜೋಡಿ ಮಡಿಕೆಗಳಿವೆ. ಕೆಳಗಿನ ಜೋಡಿ ನಾವು ಮಾತಾಡುವ, ಹಾಡುವ ಧ್ವನಿ ತಂತುಗಳು. ಅವುಗಳ ಮೇಲೆ ಇನ್ನೊಂದು ದಪ್ಪನೆಯ ಜೋಡಿ ಇದೆ, ಹುಸಿ ತಂತುಗಳು ಅನ್ನೋಣ. ಡೂಮ್‌ಗೆ ಬೇಕಾದ ಕೆಳಗಿನ, ಅಗಲವಾದ ಗ್ರೌಲ್‌ನಲ್ಲಿ ಈ ಮೇಲಿನ ಜೋಡಿ ಹತ್ತಿರ ಬಂದು ಅದುರುತ್ತದೆ. ಕೆಳಗಿನ ಜೋಡಿಯನ್ನು ಒಂದಕ್ಕೊಂದು ಉಜ್ಜಿ ತೆಗೆಯುವ ದನಿ ಇದಲ್ಲ.

ಶುರು ಮಾಡುವುದು ಹೀಗೆ. ತಲೆಯ ಮೇಲಿನ ಸೊಪ್ಪಿನ ಹೊರೆ ಇಳಿಸಿ "ಹಾ…" ಅಂತ ಉಸಿರು ಬಿಡುತ್ತೀರಲ್ಲ, ಅದನ್ನು ಮಾಡಿ. ಭುಜ, ದವಡೆ ಸಡಿಲ ಇರಲಿ. ಅದೇ ಉಸಿರಿನ ಕೊನೆಗೆ, ಭಾರ ಎತ್ತುವಾಗ ಗಂಟಲಲ್ಲಿ ಆಗುವ ಸಣ್ಣ ಬಿಗಿತವನ್ನು ಸ್ವಲ್ಪವೇ ಸೇರಿಸಿ. ಒಂದು ಗೊರಗೊರ ಶುರುವಾಗುತ್ತದೆ. ಅದನ್ನು ಹಿಡಿದುಕೊಳ್ಳಿ. ಜೋರು ಮಾಡಬೇಡಿ, ಪಕ್ಕದವರ ಜೊತೆ ಮಾತಾಡುವಷ್ಟು ದನಿ ಸಾಕು. ಆಲ್ಬಮ್‌ನಲ್ಲಿ ಗುಹೆಯಿಂದ ಬಂದಂತೆ ಕೇಳುವ ಗ್ರೌಲ್ ರೆಕಾರ್ಡ್ ಮಾಡುವ ಕೋಣೆಯಲ್ಲಿ ಅಷ್ಟೇನೂ ಜೋರಾಗಿರುವುದಿಲ್ಲ. ಭಾರ ಬರುವುದು ಹೊಟ್ಟೆಯಿಂದ ಸಮನಾಗಿ ಬರುವ ಉಸಿರಿನಿಂದ, ಬಾಯಿಯ ಆಕಾರದಿಂದ, ಆಮೇಲೆ ಮೈಕಿನಿಂದ.

ದಿನಕ್ಕೆ ಹತ್ತು ನಿಮಿಷ ಸಾಕು. ಗಂಟಲು ಕೆರೆದರೆ, ಕೆಮ್ಮು ಬಂದರೆ, ನೋವಾದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ನೋವು ಮರೆಸುವ ಸ್ಪ್ರೇ ಹೊಡೆದುಕೊಂಡು ಮುಂದುವರಿಸುವುದು ಅಪಾಯ, ಯಾಕೆಂದರೆ ನಿಲ್ಲಿಸು ಅಂತ ಹೇಳುವುದು ಆ ನೋವು ಮಾತ್ರ. ಪಿಸುಮಾತು ವಿಶ್ರಾಂತಿ ಅಲ್ಲ, ಸುಮ್ಮನಿರುವುದೇ ವಿಶ್ರಾಂತಿ. ನೀರನ್ನು ಹಾಡುವ ಹೊತ್ತಿಗೆ ಗಟಗಟ ಕುಡಿದರೆ ಪ್ರಯೋಜನ ಇಲ್ಲ. ಅದು ತಂತುಗಳನ್ನು ಮುಟ್ಟುವುದಿಲ್ಲ, ಮೈಗೆ ಸೇರಿ ಆಮೇಲೆ ಕೆಲಸ ಮಾಡಬೇಕು. ಬೆಳಗಿನಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಜೀರಿಗೆ ಕೊತ್ತಂಬರಿ ಕಷಾಯ ಹದವಾದ ಬಿಸಿಯಲ್ಲಿ ಒಳ್ಳೆಯದು. ಬಚ್ಚಲ ಒಲೆಯ ಹೊಗೆ ಬರುವ ಕಡೆ, ಅಡಿಕೆ ಬೇಯಿಸುವ ಕಡೆ ಹಾಡಬೇಡಿ. ದನಿ ಒಡೆದು ಎರಡು ಮೂರು ವಾರವಾದರೂ ಸರಿಯಾಗದಿದ್ದರೆ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ.

ಒಬ್ಬರೇ ಎರಡೂ ದನಿ ಹಾಡುವುದಾದರೆ ಒಂದು ನಿಯಮ: ಮೊದಲು ಕ್ಲೀನ್, ಆಮೇಲೆ ಗ್ರೌಲ್. ಬೇರೆ ಬೇರೆ ದಿನ ಆದರೆ ಇನ್ನೂ ಒಳ್ಳೆಯದು.

ಮಳೆ, ಕರೆಂಟು, ಶೀತ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಸುತ್ತಲಿನ ಊರುಗಳಲ್ಲೂ ಆರಿದ್ರಾದಿಂದ ಪುಷ್ಯದವರೆಗೆ ಹಂಚಿನ ಮೇಲೆ ಸದ್ದು ನಿಲ್ಲುವುದೇ ಇಲ್ಲ. ಆ ಸದ್ದನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆಯುತ್ತೇನೆ ಅಂದುಕೊಳ್ಳಬೇಡಿ, ಮಳೆಯ ಸದ್ದು ಎಲ್ಲ ಕಂಪನದಲ್ಲೂ ಹರಡಿರುತ್ತದೆ, ಅದನ್ನು ತೆಗೆದರೆ ದನಿಯೂ ಅದರ ಜೊತೆ ಹೋಗುತ್ತದೆ. ಬದಲಿಗೆ ಕೆಲಸವನ್ನು ಮಳೆಗೆ ಹೊಂದಿಸಿ. ಮಳೆ ಹೊಯ್ಯುವಾಗ ಗಿಟಾರನ್ನು ನೇರ, ಲ್ಯಾಪ್‌ಟಾಪಿಗೆ ದನಿ ಸೇರಿಸುವ ಡಬ್ಬಿಗೆ, ಅಂದರೆ ಇಂಟರ್‌ಫೇಸಿಗೆ ಹಾಕಿ ರೆಕಾರ್ಡ್ ಮಾಡಿ, ಆಂಪ್‌ನ ದನಿಯನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ಕೊಡಿ. ಸಾಧಾರಣ ಮಳೆಯಲ್ಲಿ ಗ್ರೌಲ್ ಕೂಡ ಆಗುತ್ತದೆ. ಮಳೆ ಹೊಳವಾದಾಗ ಬೇರೆಲ್ಲ ಬಿಟ್ಟು ಕ್ಲೀನ್ ದನಿಗೆ ಕೂರಿ. ರಾತ್ರಿ ಬೇಡ, ಜೀರುಂಡೆ ಕಪ್ಪೆಗಳು ಬಿಡುವುದಿಲ್ಲ. ನಮಗೆ ಹನ್ನೊಂದರಿಂದ ಒಂದು ಗಂಟೆಯ ಹೊತ್ತು ಚೆನ್ನಾಗಿ ಸಿಕ್ಕಿತು, ಅಷ್ಟು ಹೊತ್ತಿಗೆ ದನಿಯೂ ಬಿಟ್ಟಿರುತ್ತದೆ.

ಕೋಣೆಗೆ ಫೋಮ್ ಕೊಳ್ಳಬೇಡಿ. ಅಡಿಕೆ ಚೀಲ ಪೇರಿಸಿಟ್ಟ ಕೋಣೆ ಇದ್ದರೆ ಅದೇ ಸ್ಟುಡಿಯೋ. ತುಂಬಿದ ಚೀಲದ ಗೋಡೆ ಪ್ರತಿಧ್ವನಿಯನ್ನು ನುಂಗುತ್ತದೆ. ಮೇಲೆ ಮರದ ಅಟ್ಟ ಇದ್ದರೆ ಹಂಚಿನ ಸದ್ದೂ ಕಡಿಮೆ. ಹಾಡುವವರ ಹಿಂದೆ ಒಂದು ಹಾಸಿಗೆ ನಿಲ್ಲಿಸಿ, ಎರಡು ಕಂಬಳಿ ನೇತು ಹಾಕಿ.

ಕರೆಂಟು ಹೋಗುತ್ತದೆ ಅಂತಲೇ ಲೆಕ್ಕ ಹಾಕಿ. ಯುಎಸ್‌ಬಿಯಿಂದಲೇ ನಡೆಯುವ ಎರಡು ಚಾನೆಲ್ಲಿನ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್ ಬ್ಯಾಟರಿ ಇದ್ದರೆ ಕೆಲಸ ನಿಲ್ಲುವುದಿಲ್ಲ. ಚಾರ್ಜರ್ ಹಾಕಿದಾಗ ಗಿಟಾರಿನಲ್ಲಿ ಗುಂಯ್ ಅಂದು, ತೆಗೆದಾಗ ಹೋದರೆ ದೋಷ ಅರ್ಥಿಂಗಿನ ಕಡೆಯದು. ಆ ಟೇಕ್ (ಒಂದು ಸಲದ ರೆಕಾರ್ಡಿಂಗ್) ಮುಗಿಯುವವರೆಗೆ ಬ್ಯಾಟರಿಯಲ್ಲೇ ನಡೆಸಿ. ಹಳೆಯ ಇನ್ವರ್ಟರುಗಳೂ ಇದೇ ಥರ ಗುಂಯ್‌ಗುಡುತ್ತವೆ.

ಶೀತಕ್ಕೆ ತಂತಿ ವಾರದಲ್ಲಿ ತುಕ್ಕು ಹಿಡಿಯುತ್ತದೆ, ಸೂಕ್ಷ್ಮವಾದ ಕಂಡೆನ್ಸರ್ ಮೈಕು ಚಟಪಟ ಅನ್ನುತ್ತದೆ. ಎರಡನ್ನೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಮೈಕಿನ ಮುಂದೆ

ಗ್ರೌಲ್‌ಗೆ ಡೈನಮಿಕ್ ಮೈಕು ಇರಲಿ. ಮೆರವಣಿಗೆ, ಸಭೆಗಳಲ್ಲಿ ಕಾಣುವ ಶೂರ್ ಎಸ್ಎಂ58 ಥರದ್ದು ಧಾರಾಳ ಸಾಕು. ಅದು ಹತ್ತಿರದ ದನಿಯನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ, ಮಳೆಯನ್ನು ಕಡಿಮೆ ಹಿಡಿಯುತ್ತದೆ. ಬಾಯಿಂದ ಎರಡು ಮೂರು ಇಂಚು ದೂರ ನಿಲ್ಲಿ. ಇಂಥ ಮೈಕಿಗೆ ಹತ್ತಿರವಾದಷ್ಟೂ ದನಿಯ ಕೆಳಭಾಗ ತುಂಬಿಕೊಳ್ಳುತ್ತದೆ. ಮೈಕಿನ ತಲೆಯನ್ನು ಕೈಯಿಂದ ಮುಚ್ಚಿ ಹಿಡಿಯಬೇಡಿ, ದನಿ ಮಂಕಾಗುತ್ತದೆ. ಕ್ಲೀನ್‌ಗೆ ಕಂಡೆನ್ಸರ್ ಇದ್ದರೆ ಒಳ್ಳೆಯದು, ಮುಕ್ಕಾಲು ಗೇಣಿನಷ್ಟು ದೂರ, ನಡುವೆ ಉಸಿರಿನ ಬಡಿತ ತಡೆಯುವ ಪಾಪ್ ಫಿಲ್ಟರ್.

24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 6 ಡಿಬಿ ಒಳಗೆ ಇರಲಿ. ಗ್ರೌಲ್ ಒಂದು ಸಲಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಹಾಡುವಾಗ ಹಾಳೆಯಲ್ಲಿ ಬರೆದ ಪಾತ್ರವನ್ನು ನೆನಪಿಡಿ. ನನ್ನ ಮೊದಲ ಟೇಕುಗಳಲ್ಲಿ ಸಿಟ್ಟಿತ್ತು. ನೀರಿಗೆ ಯಾರ ಮೇಲೂ ಸಿಟ್ಟಿಲ್ಲ, ಅದು ಸುಮ್ಮನೆ ಏರುತ್ತದೆ. ಅದು ಹೊಳೆದ ಮೇಲೆ ಎಲ್ಲ ಸಾಲುಗಳನ್ನೂ ಅರ್ಧ ದನಿಯಲ್ಲಿ, ಉದ್ದವಾಗಿ ಮತ್ತೆ ಹಾಡಿದೆ.

ಮಿಕ್ಸಿಂಗ್

ಎರಡು ಗಿಟಾರ್ ಟ್ರ್ಯಾಕು ಎಡ ಬಲಕ್ಕೆ, ದನಿ ನಡುವೆ. ದನಿಯ ಟ್ರ್ಯಾಕುಗಳಲ್ಲಿ 80 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸಿ, ಅಲ್ಲಿ ಬೇಸ್ ಮತ್ತು ಡ್ರಮ್ ಇರಲಿ. ಗ್ರೌಲ್ ಗಿಟಾರಿನ ಜೊತೆ ಗುದ್ದಾಡುವುದು 200ರಿಂದ 400 ಹರ್ಟ್ಜ್ ನಡುವೆ, ಅಲ್ಲಿ ಗ್ರೌಲನ್ನು ಸ್ವಲ್ಪ ತಗ್ಗಿಸಿ. ಕ್ಲೀನ್ ಬರುವ ಜಾಗದಲ್ಲಿ ಮಾತ್ರ ಗಿಟಾರನ್ನು 2ರಿಂದ 3 ಕಿಲೋಹರ್ಟ್ಜ್ ಸುತ್ತ ಒಂದೆರಡು ಡಿಬಿ ಇಳಿಸಿ. ಕ್ಲೀನ್ ದನಿಯನ್ನು ಏರಿಸುವುದಕ್ಕಿಂತ ಇದು ಒಳ್ಳೆಯದು.

ರಿವರ್ಬ್, ಅಂದರೆ ದನಿಗೆ ಸೇರಿಸುವ ಪ್ರತಿಧ್ವನಿಯ ಮೊಳಗು, ಎಷ್ಟು ಅನ್ನುವುದನ್ನು ಪಾತ್ರ ಎಲ್ಲಿದೆ ಅನ್ನುವುದರ ಮೇಲೆ ಇಡಿ. ನಮ್ಮ ಹಾಡಿನಲ್ಲಿ ನೀರು ಮೊದಲು ದೂರ ಇದೆ, ಅದಕ್ಕೆ ಗ್ರೌಲ್ ಮೇಲೆ ದೊಡ್ಡ ರಿವರ್ಬ್. ಹಾಡು ಮುಂದುವರಿದಂತೆ ಅದನ್ನು ಇಳಿಸುತ್ತಾ ಬಂದೆವು, ಎಂಟನೇ ನಿಮಿಷಕ್ಕೆ ಅದು ಕಿವಿಯ ಪಕ್ಕದಲ್ಲೇ ಇರುತ್ತದೆ. ಕ್ಲೀನ್ ದನಿ ಅದಕ್ಕೆ ಉಲ್ಟಾ: ಹತ್ತಿರ ಶುರುವಾಗಿ ದೂರ ಹೋಗುತ್ತದೆ. 60 ಬಿಪಿಎಂಗೆ ಡಿಲೇ (ದನಿ ಸ್ವಲ್ಪ ತಡವಾಗಿ ಮತ್ತೆ ಕೇಳಿಸುವುದು) ಇಡುವುದಾದರೆ 500 ಅಥವಾ 1000 ಮಿಲಿಸೆಕೆಂಡು.

ಎರಡು ದನಿ ಒಟ್ಟಿಗೆ ಬರುವ ಕೊನೆಯ ಸಾಲಿಗೆ ಮೂರು ದಿನ ಹಿಡಿಯಿತು. ಎರಡರ ವ್ಯಂಜನಗಳೂ ಬೇರೆ ಬೇರೆ ಹೊತ್ತಿಗೆ ಬಿದ್ದು ಮಾತು ಮಸುಕಾಗುತ್ತಿತ್ತು. ಪರಿಹಾರ ಸರಳ: ಮಾತನ್ನು ಒಂದೇ ದನಿ ಹೊರಲಿ. ಕ್ಲೀನ್ ಪೂರ್ತಿ ಮಾತು ಹೇಳುತ್ತದೆ. ಗ್ರೌಲ್‌ನಲ್ಲಿ ಸ, ತ, ಕಗಳ ತುದಿಯನ್ನು ಕತ್ತರಿಸಿ ಬರೀ ಸ್ವರ ಉಳಿಸಿದೆವು, ಕ್ಲೀನ್‌ಗಿಂತ ನಾಲ್ಕು ಡಿಬಿ ಕೆಳಗೆ ಇಟ್ಟೆವು. ಈಗ ಕೇಳಿದರೆ ಅವಳ ದನಿಯ ಅಡಿಯಲ್ಲಿ ಏನೋ ಚಲಿಸಿದಂತೆ ಇದೆ.

ಕೊನೆಗೆ ಇಡೀ ಆಲ್ಬಮ್ಮನ್ನು ಜೋರು ಮಾಡಲು ಹೋಗಬೇಡಿ. ಸ್ಪಾಟಿಫೈ ಎಲ್ಲವನ್ನೂ ದನಿಯ ಜೋರಿನ ಅಳತೆಯಲ್ಲಿ ಸುಮಾರು ಮೈನಸ್ 14 ಲಫ್ಸ್‌ಗೆ ತಂದು ಸಮ ಮಾಡುತ್ತದೆ, ನೀವು ಹಿಂಡಿದ್ದಕ್ಕೆ ಲಾಭ ಇಲ್ಲ, ಮೆಲ್ಲಗಿನ ಭಾಗ ಮಾತ್ರ ಸಾಯುತ್ತದೆ.

ಹೊರಗೆ ಬಿಡುವ ಮೊದಲು ಹಾಡಿನ ಮಾತು ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ. ಮಾತುಗಳೆಲ್ಲ ನಿಮಗೆ ಬಾಯಿಪಾಠ ಆಗಿರುವುದರಿಂದ ಯಾವುದು ಕೇಳಿಸುತ್ತಿಲ್ಲ ಅಂತ ನಿಮಗೆ ಗೊತ್ತಾಗುವುದಿಲ್ಲ. ನಾವು ಗೆಳೆಯನ ಅಜ್ಜಿಗೆ ಜಗುಲಿಯಲ್ಲಿ ಕೂರಿಸಿ ಕೇಳಿಸಿದೆವು. ಅವರು ಕಣ್ಣು ಮುಚ್ಚಿ ಒಂಬತ್ತು ನಿಮಿಷವೂ ಕೇಳಿದರು. "ನೀರು ಎಲ್ಲಿಯವರೆಗೆ ಬಂತು ಅಂತ ಕೇಳಿಸ್ಲಿಲ್ಲ ಮಗಾ" ಅಂದರು. ಹೋಗಿ ನೋಡಿದರೆ "ಒಲೆಯ ಬಳಿಗೂ" ಅನ್ನುವಲ್ಲಿ 'ಒಲೆ' ಪೂರ್ತಿ ಗಿಟಾರಿನ ಅಡಿಗೆ ಹೋಗಿತ್ತು. ಮಾರನೇ ದಿನ ಮಳೆ ಹೊಳವಾದಾಗ ಆ ಒಂದು ಸಾಲನ್ನು ಗೆಳೆಯನ ತಂಗಿಯ ಕೈಯಲ್ಲಿ ಮತ್ತೆ ಹಾಡಿಸಿದೆವು.